ಕೆಲಸ ಇಲ್ಲದಿದ್ದರೂ ಜತೆಗೆ ಬಾ

ತುಮಕೂರಿನಲ್ಲಿ ಒಂದು ಬ್ಲೌಸು ಹೊಲಿಯಲು ಕೊಡುವುದಕ್ಕೆ ಇಬ್ಬರು ಹೋಗುತ್ತಾರೆ. ಸ್ಕೂಟರು ಸರ್ವೀಸಿಗೆ ಬಿಡುವುದಕ್ಕೂ ಇಬ್ಬರು. ಆಧಾರ್ ಕಾರ್ಡಿನಲ್ಲಿ ಇನಿಷಿಯಲ್ ತಿದ್ದಿಸುವುದಕ್ಕಂತೂ ಮೂವರು. ಕೆಲಸ ಇರುವುದು ಒಬ್ಬರಿಗೆ, ಮಿಕ್ಕವರು ಸುಮ್ಮನೆ ಬಂದವರು. ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಯವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಒಳಗೆ ಬಂದ ನಾಲ್ಕು ಹುಡುಗಿಯರಲ್ಲಿ ಕೊಳ್ಳುವವಳು ಯಾರು ಎಂದು ಮುಖ ನೋಡಿಯೇ ಹೇಳುತ್ತಾರೆ. ಜಾಸ್ತಿ ಚೌಕಾಸಿ ಮಾಡುವವಳು ಅವಳಲ್ಲ, ಅವಳ ಜತೆಗೆ ಬಂದವಳು.

ಕಾಲೇಜು ಮುಗಿದು, ಕೆಲಸ ಸಿಕ್ಕಿ, ವಾರಕ್ಕೊಂದು ಲಗ್ನಪತ್ರಿಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದು ಬೀಳುವ ವಯಸ್ಸು ನಮ್ಮದು. ಈ ವಯಸ್ಸಿನವರ ದೂರು ಒಂದೇ: "ಯಾರೂ ಸಿಗ್ತಾನೇ ಇಲ್ಲ ಕಣೇ." ಸಿಗಬೇಕು ಎಂದು ಗ್ರೂಪ್ ಮಾಡುತ್ತಾರೆ. ಗ್ರೂಪಿಗೆ ಹೆಸರಿಡಲು ಒಂದು ವಾರ ಹಿಡಿಯುತ್ತದೆ. ಗೋವಾ ಎಂದು ಶುರುವಾದ ಮಾತು ಚಿಕ್ಕಮಗಳೂರಿಗೆ ಇಳಿದು, ಅಲ್ಲಿಂದ "ಮುಂದಿನ ತಿಂಗಳು ನೋಡೋಣ"ಕ್ಕೆ ಬಂದು ಮಲಗುತ್ತದೆ. ನನ್ನನ್ನು ಕೇಳಿದರೆ ತಪ್ಪಿರುವುದು ಕರೆಯುವ ರೀತಿಯಲ್ಲಿ. "ಸಿಗೋಣ" ಎಂದರೆ ಎಲ್ಲರಿಗೂ ಒಂದು ಖಾಲಿ ಭಾನುವಾರ ಬೇಕು. "ಗ್ಯಾಸ್ ಸ್ಟೌ ರಿಪೇರಿಗೆ ಕೊಡ್ಬೇಕು, ಬರ್ತೀಯಾ?" ಎಂದರೆ ಚಪ್ಪಲಿ ಮೆಟ್ಟಿಕೊಳ್ಳುವಷ್ಟು ಹೊತ್ತು ಸಾಕು. ಆದ್ದರಿಂದ ಭೇಟಿಗೆ ದಿನ ಗೊತ್ತು ಮಾಡಬೇಡಿ, ಕೆಲಸಕ್ಕೆ ಜತೆ ಕರೆಯಿರಿ. ನನ್ನ ಹತ್ತಿರ ಇರುವ ಸಲಹೆ ಇದೊಂದೇ, ಮುಂದಿನದೆಲ್ಲ ಅದರ ವಿಸ್ತಾರ.

ಹುಡುಗಿಯರಿಗೆ ಈ ವಿದ್ಯೆ ಕಲಿಸಿದವರು ಅಮ್ಮಂದಿರು, ಅದೂ ಬೇರೆಯದೇ ಉದ್ದೇಶಕ್ಕೆ. "ಒಬ್ಬಳೇ ಹೋಗ್ಬೇಡ, ಯಾರನ್ನಾದ್ರೂ ಜತೆಗೆ ಕರ್ಕೊಂಡು ಹೋಗು." ಜೆರಾಕ್ಸ್ ಅಂಗಡಿಗೂ ಇದೇ ಕಟ್ಟಳೆ, ಪರೀಕ್ಷೆ ಫೀಸು ಕಟ್ಟುವುದಕ್ಕೂ ಇದೇ. ಕಾವಲಿಗೆಂದು ಕಳಿಸಿದವಳೇ ಗುಟ್ಟು ಕಾಯುವವಳೂ ಆಗುತ್ತಾಳೆ ಎಂಬುದು ಅಮ್ಮಂದಿರಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ. ಅವರೂ ಒಂದು ಕಾಲದಲ್ಲಿ ಯಾರನ್ನೋ ಜತೆಗೆ ಕರೆದುಕೊಂಡು ಹೋದವರೇ ತಾನೆ?

ಈ ಕಟ್ಟಳೆಯಲ್ಲಿ ಒಂದು ತೊಡಕಿತ್ತು. ಜತೆಗೆ ಬಂದವಳ ಬಸ್ ಚಾರ್ಜು ಯಾರು ಕೊಡಬೇಕು? 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಆ ಪ್ರಶ್ನೆ ಮಾಯವಾಯಿತು. ಶಕ್ತಿಯ ಬಗ್ಗೆ ಪರ ವಿರೋಧ ಎಷ್ಟೋ ಬರೆದಿದ್ದಾರೆ. ಕೆಲಸವಿಲ್ಲದಿದ್ದರೂ ಗೆಳತಿಯ ಜತೆ ಗುಬ್ಬಿಗೋ ಕುಣಿಗಲ್ಲಿಗೋ ಹೋಗಿ ಬರುವುದು ಅದರಿಂದ ಸಲೀಸಾಯಿತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಈಗ ಇರುವುದು ಹೊಸ ಫಜೀತಿ. ಶಕ್ತಿ ನಡೆಯುವುದು ಸರ್ಕಾರಿ ಬಸ್ಸಿನಲ್ಲಿ, ಆದರೆ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳದೇ ಅಬ್ಬರ. ಎದುರಿಗೆ "ಗುಬ್ಬಿ ಗುಬ್ಬಿ ಗುಬ್ಬಿ" ಎಂದು ಕೂಗುತ್ತಾ ಇಂಜಿನ್ ಆನ್ ಮಾಡಿಕೊಂಡು ಬಸ್ಸು ನಿಂತಿರುತ್ತದೆ. ನಾವು ಕೆಂಪು ಬಸ್ಸು ಬರಲಿ ಎಂದು ಕೈಯಲ್ಲಿ ಆಧಾರ್ ಹಿಡಿದು ಕಾಯುತ್ತಿರುತ್ತೇವೆ. ಅರ್ಧ ಮಾತು ಅಲ್ಲೇ ಆಗಿರುತ್ತದೆ. ಬಸ್ಸು ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಜಗಳವಾಡಿದ ಗೆಳತಿ ಇದ್ದರೆ ಅವಳನ್ನು ಕೆಫೆಗೆ ಕರೆಯಬೇಡಿ, ಕ್ಯಾತ್ಸಂದ್ರಕ್ಕೆ ಕರೆಯಿರಿ. ಕೆಫೆಯಲ್ಲಿ ಎದುರುಬದುರು ಕೂರಿಸುತ್ತಾರೆ, ಕೋಲ್ಡ್ ಕಾಫಿ ಮುಗಿಯುವುದೇ ಇಲ್ಲ, ಮಾತಾಡಲೇಬೇಕು, ಹಳೆಯದೆಲ್ಲ ಹೊರಗೆ ಬರುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲುಗಳಲ್ಲಿ ಅದಕ್ಕೆಲ್ಲ ಪುರುಸೊತ್ತಿಲ್ಲ. ಹಬೆ ಪೆಟ್ಟಿಗೆಯಿಂದ ತೆಗೆದ ಇಡ್ಲಿ ತಟ್ಟೆಯ ಅಂಚಿನಿಂದ ಅಂಚಿಗೆ ಹರಡಿಕೊಂಡಿರುತ್ತದೆ. ಮೇಲೆ ಹಾಕಿದ ಬೆಣ್ಣೆ ನೀವು ಜಾಗ ಹುಡುಕುವುದರೊಳಗೆ ಕರಗಿ ಒಂದು ಕಡೆಗೆ ಜಾರಿರುತ್ತದೆ. ಹಿಂದೆ ಹೈವೇಯಲ್ಲಿ ಕಾರು ನಿಲ್ಲಿಸಿ ಬಂದ ಬೆಂಗಳೂರಿನ ಕುಟುಂಬವೊಂದು ನಿಮ್ಮ ಜಾಗದ ಮೇಲೇ ಕಣ್ಣಿಟ್ಟು ನಿಂತಿರುತ್ತದೆ. ಇಷ್ಟರೊಳಗೆ ರಾಜಿಯಾಗಬೇಕು. ಒಂದೇ ವಡೆ ತರಿಸಿ ಮುರಿದು ಕೊಡಿ, ಬೆಣ್ಣೆ ಜಾರಿದ ಕಡೆಯ ತುಂಡನ್ನು ಅವಳ ಕಡೆಗೆ ತಳ್ಳಿ. "ಸಾರಿ" ಎಂಬ ಮಾತು ಅದಕ್ಕಿಂತ ಉದ್ದವಾದರೆ ಚಟ್ನಿ ಮುಗಿದಿರುತ್ತದೆ.

ಹೊಸದಾಗಿ ಪರಿಚಯವಾದವರ ಗುಣ ತಿಳಿಯಲು ದೇವರಾಯನದುರ್ಗ ಒಳ್ಳೆಯದು. ಸುಮಾರು 3,900 ಅಡಿ ಎತ್ತರದ ಬೆಟ್ಟ, ಚಿಕ್ಕದೇವರಾಜ ಒಡೆಯರ್ ಗೆದ್ದುಕೊಂಡದ್ದರಿಂದ ಆ ಹೆಸರು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಭೋಗನರಸಿಂಹನ ಹತ್ತಿರವೇ ಕೂತು "ನೀವು ಹೋಗ್ಬನ್ನಿ, ನಾನು ಬ್ಯಾಗ್ ನೋಡ್ಕೋತೀನಿ" ಎನ್ನುವವರು ಒಂದು ಜಾತಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೇಲಿಂದ ಫೋಟೊ ಕಳಿಸುವವರು ಇನ್ನೊಂದು ಜಾತಿ. ಇಬ್ಬರೂ ಬೇಕು. ಕೋತಿಗಳಿರುವ ಜಾಗದಲ್ಲಿ ಬ್ಯಾಗ್ ಕಾಯುವ ಗೆಳತಿಯ ಬೆಲೆ ಚಿಪ್ಸ್ ಪ್ಯಾಕೆಟ್ ಕಳೆದುಕೊಂಡವರಿಗೇ ಗೊತ್ತು.

ಹಲಸಿನ ಕಾಲದಲ್ಲಿ ಚೇಳೂರಿಗೆ ಹೋಗಿ. ಗುಬ್ಬಿ ತಾಲ್ಲೂಕಿನ ಈ ಊರಿನ ಹಲಸಿನ ಸಂತೆಗೆ ಸ್ಕೂಟರಿನಲ್ಲಿ ಹೋಗುವುದಾದರೆ ಹಿಂದೆ ಕೂರುವವಳು ಧೈರ್ಯಸ್ಥೆಯಾಗಿರಬೇಕು. ಬರುವಾಗ ಅವಳ ತೊಡೆಯ ಮೇಲೆ ಮುಳ್ಳಿನ ಹಣ್ಣು ಕೂತಿರುತ್ತದೆ. ಈಗ ಹೆಸರಾಗಿರುವ 'ಸಿದ್ದು ಹಲಸು' ಇದೇ ಚೇಳೂರಿನದು. ರೈತ ಸಿದ್ದಪ್ಪನವರು ನೆಟ್ಟ ಮರ, ತಾಮ್ರಗೆಂಪು ತೊಳೆ, ಹಣ್ಣು ಸುಮಾರು 2.5 ಕೆ.ಜಿ. ಮಾತ್ರ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿದ ಮೇಲೆ ಸಸಿಗಳಿಗೆ ಜನ ಮುಗಿಬಿದ್ದರು. ಸ್ಕೂಟರ್ ಗೆಳತಿಯರಿಗೆ ಹೇಳಿ ಮಾಡಿಸಿದ ಗಾತ್ರ. ಹಣ್ಣು ಬಡಿದು ನೋಡಿ ಒಳಗಿನ ಹದ ಹೇಳುವ ಗೆಳೆಯ ಒಬ್ಬನಿದ್ದರೆ ಅವನನ್ನು ಯಾವ ಕಾರಣಕ್ಕೂ ಬಿಡಬೇಡಿ, ಅವನ ರಾಜಕೀಯ ನಿಮಗೆ ಹಿಡಿಸದಿದ್ದರೂ ಸರಿ.

ಗುಬ್ಬಿ ಎಂದ ಮೇಲೆ ನಾಟಕದ ಮಾತು ಬರಲೇಬೇಕು, ಯಾಕೆಂದರೆ ಗೆಳೆತನದ ನಿಜವಾದ ಪರೀಕ್ಷೆ ನಮ್ಮ ಕಡೆ ನಡೆಯುವುದು ಅಲ್ಲಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ದೇಶಕ್ಕೆಲ್ಲ ಗೊತ್ತಾಗುವಂತೆ ಬೆಳೆಸಿದವರು ವೀರಣ್ಣನವರು. 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದರು. ಆ ಹುಚ್ಚು ಈ ಸೀಮೆಯಿಂದ ಇನ್ನೂ ಇಳಿದಿಲ್ಲ. ಇಂದಿಗೂ ಊರೂರಿನಲ್ಲಿ, ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಹವ್ಯಾಸಿಗಳು ಕೈಯಿಂದ ದುಡ್ಡು ಹಾಕಿ ಕುರುಕ್ಷೇತ್ರ ಆಡುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ಕೊಟ್ಟು ತೆಗೆದುಕೊಳ್ಳಬೇಕು, ಹಾಡು ಹೆಚ್ಚಿರುವ ಪಾತ್ರಕ್ಕೆ ದುಡ್ಡೂ ಹೆಚ್ಚು. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ತಾಲೀಮು. ಹಗಲು ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುವವನು ಅವತ್ತು ರಾತ್ರಿ ದುರ್ಯೋಧನ. ಸರ್ಕಲ್ಲಿನಲ್ಲಿ ಫ್ಲೆಕ್ಸು ನಿಂತಿರುತ್ತದೆ, ಅದರಲ್ಲಿ ಅವನ ಕಿರೀಟದ ಫೋಟೊ, ಕೆಳಗೆ ಶುಭ ಕೋರುವವರೆಂದು ನಮ್ಮ ಪಾಸ್‌ಪೋರ್ಟ್ ಸೈಜಿನ ಮುಖಗಳು.

ಇಂಥ ಗೆಳೆಯ ನಿಮಗಿದ್ದರೆ ಮಾಡಬೇಕಾದದ್ದು ಇಷ್ಟು. ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ. ರಾತ್ರಿ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಅವನು ಗದೆ ಹೆಗಲಿಗೇರಿಸಿ ಬಂದ ಕೂಡಲೇ ಹಾರ ಹಾಕಲು ಓಡಬೇಡಿ, ಮೊದಲನೇ ಹಾಡು ಮುಗಿಯಲಿ. ಹಾರ ಹಾಕುವಾಗ ಪಾಂಡವರು, ಕೌರವರು, ಕೃಷ್ಣ ಪರಮಾತ್ಮ ಎಲ್ಲರೂ ಯುದ್ಧ ನಿಲ್ಲಿಸಿ ಮೊಬೈಲ್ ಕಡೆಗೆ ತಿರುಗಿ ನಿಲ್ಲುತ್ತಾರೆ, ನೀವೂ ನಿಲ್ಲಿ. "ಒನ್ಸ್ ಮೋರ್" ಕೂಗುವುದು ಗೆಳೆಯರ ಹಕ್ಕು, ಆದರೆ ಅವನ ಉಸಿರು ನೋಡಿಕೊಂಡು ಕೂಗಿ. ಬೆಳಗಿನ ಜಾವ ತೊಡೆ ಮುರಿದು ಬಿದ್ದ ಮೇಲೆ ಮುಖದ ಬಣ್ಣ ತೊಳೆಯದೆ ಬಂದು "ಹೆಂಗಿತ್ತು?" ಎಂದು ಕೇಳುತ್ತಾನೆ. ಶ್ರುತಿ ತಪ್ಪಿದ್ದನ್ನು ಹೇಳುವ ಹೊತ್ತು ಅದಲ್ಲ. ಅದನ್ನು ಹಾರ್ಮೋನಿಯಂ ಮೇಷ್ಟ್ರು ಹೇಳುತ್ತಾರೆ, ಅವರಿಗೆ ಅದಕ್ಕೇ ದುಡ್ಡು ಕೊಟ್ಟಿರುತ್ತದೆ.

ದುಡ್ಡಿನ ಮಾತು ಬಂತು. ಗೆಳೆಯರ ನಡುವೆ ವ್ಯವಹಾರ ಬೇಡ ಎನ್ನುತ್ತಾರೆ ಹಿರಿಯರು. ನಾನು ಪೂರ್ತಿ ಒಪ್ಪುವುದಿಲ್ಲ. ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್, ನಮ್ಮ ತಿಪಟೂರಿನ ನರಸಿಂಹರಾಜು, ಈ ನಾಲ್ವರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ಚಿತ್ರರಂಗದಲ್ಲಿ ಕೆಲಸ ಕಡಿಮೆಯಾದಾಗ ಕಲಾವಿದರ ಸಂಘ ಕಟ್ಟಿಕೊಂಡು ಊರೂರು ತಿರುಗಿ ನಾಟಕವಾಡಿದರು, ಒಟ್ಟಾಗಿ ನಿಂತು 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ವ್ಯವಹಾರ ಕೆಡಿಸುವುದು ದುಡ್ಡಲ್ಲ, ದುಡ್ಡಿನ ಬಗ್ಗೆ ಬಾಯಿ ಬಿಡದ ಮರ್ಯಾದೆ. ಮದುವೆ ಚೌಲ್ಟ್ರಿಯಲ್ಲಿ ಮುಯ್ಯಿ ಬರೆಯುವವರನ್ನು ನೋಡಿ. ಮೂಲೆಯಲ್ಲೊಂದು ಮೇಜು, ಒಂದು ನೋಟ್ ಪುಸ್ತಕ. ಹೆಸರು, ಊರು, ಮೊತ್ತ ಎಂದು ಗಟ್ಟಿಯಾಗಿ ಕೇಳಿ ಬರೆದುಕೊಳ್ಳುತ್ತಾರೆ. ಯಾರಿಗೂ ಅವಮಾನವಿಲ್ಲ, ನಾಳೆ ಅವರ ಮನೆ ಮದುವೆಗೆ ವಾಪಸ್ ಮಾಡುವುದು ಗೊತ್ತೇ ಇದೆ. ಗೆಳತಿಗೆ ಐನೂರು ಕೊಟ್ಟಾಗ ಅವಳ ಎದುರಿಗೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಕ್ಕುಬಿಡುತ್ತಾಳೆ, ವಾಪಸ್ಸೂ ಕೊಡುತ್ತಾಳೆ.

ರೈಲಿನ ಗೆಳೆಯರ ಬಗ್ಗೆ ಎರಡೇ ಮಾತು. ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಸಂಜೆ ಬರುವ ನಮ್ಮಂಥವರಿಗೆ ಸುಮಾರು 70 ಕಿ.ಮೀ. ಉದ್ದದ ಗೆಳೆತನ ಒಂದಿದೆ. ಹಿರೇಹಳ್ಳಿ ದಾಟುವಾಗ ಡಬ್ಬಿ ಬಿಚ್ಚಿ, ಚಿಕ್ಕಬಾಣಾವರ ಬರುವಾಗ ಬ್ಯಾಗು ಹೆಗಲಿಗೆ. ನಡುವೆ ಸೀಟು ಹಿಡಿದುಕೊಟ್ಟವರು, ಚಿತ್ರಾನ್ನ ಹಂಚಿಕೊಂಡವರು, ಬಾಸ್ ಮೇಲಿನ ಸಿಟ್ಟು ಕೇಳಿಸಿಕೊಂಡವರು. ಅವರನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹುಡುಕಬೇಡಿ. ಯಶವಂತಪುರದಲ್ಲಿ ಇಳಿದ ಮೇಲೆ ಅವರು ಬೇರೆಯವರು, ನೀವೂ ಬೇರೆಯವರೇ.

ಇನ್ನು ಕುಣಿಗಲ್. "ಅವಳನ್ನ ಕುಣಿಗಲ್ಲಿಗೆ ಕೊಟ್ಟಿದ್ದಾರೆ" ಎಂದ ಮೇಲೆ ಗೆಳೆತನ ಮುಗಿಯಿತು ಎಂದು ಹುಡುಗರು ತಿಳಿಯುತ್ತಾರೆ. ಅವರ ಗೆಳೆಯರು ಮದುವೆಯಾದ ಮೇಲೂ ಅದೇ ಟೀ ಅಂಗಡಿಯ ಮುಂದೆ ಸಿಗುತ್ತಾರಲ್ಲ! ನಾವು ಹಾಗಲ್ಲ, ಅತ್ತೆಮನೆಗೆ ಹೋಗಿ ಗೆಳತಿಯನ್ನು ಬಿಡಿಸಿಕೊಂಡು ಬರಬೇಕು. ಅದಕ್ಕೊಂದು ಕ್ರಮ ಇದೆ. ಬರಿಗೈಯಲ್ಲಿ ಹೋಗಬಾರದು. ಮಲ್ಲಿಗೆ ಒಂದೆರಡು ಮೊಳ, ಬಾಳೆಹಣ್ಣು ಒಂದು ಚಿಪ್ಪು, ಎರಡನ್ನೂ ಅತ್ತೆಯ ಕೈಗೇ ಕೊಡಬೇಕು. ಗೆಳತಿಯ ಮುಖ ನೋಡುತ್ತಾ ಕೂರಬಾರದು. ಮೊದಲ ಕಾಲು ಗಂಟೆ ಅತ್ತೆಯದು: ಅವರ ಮಂಡಿನೋವು, ಅವರ ತವರಿನ ಕಡೆಯವರು ನಿಮ್ಮ ಊರಿನಲ್ಲಿ ಯಾರಾದರೂ ಇದ್ದಾರಾ, "ನಿಂಗ್ಯಾವಾಗಮ್ಮ ಮದುವೆ?" ಈ ಕೊನೆಯ ಪ್ರಶ್ನೆಗೆ ನಕ್ಕರೆ ಸಾಕು, ಉತ್ತರ ಕೊಡಲು ಹೋದರೆ ಗಂಡು ತೋರಿಸಿಬಿಡುತ್ತಾರೆ. ಕಾಫಿ ಲೋಟ ಕೆಳಗಿಟ್ಟ ಮೇಲೆ ಮೆಲ್ಲಗೆ, "ಅಮ್ಮ, ಪೇಟೇಲಿ ಸಣ್ಣ ಕೆಲಸ ಇತ್ತು, ಇವಳನ್ನ ಜತೆಗೆ ಕರ್ಕೊಂಡು ಹೋಗ್ಬರ್ಲಾ?" ಎನ್ನಬೇಕು. ಸುತ್ತಾಡಲು ಹೋಗುತ್ತೇವೆ ಎಂದರೆ ಹತ್ತು ಪ್ರಶ್ನೆ. ಕೆಲಸ ಎಂದರೆ ಒಂದೂ ಇಲ್ಲ.

ಪೇಟೆಯ ಕೆಲಸ ದೊಡ್ಡಕೆರೆಯ ಏರಿಯ ಮೇಲೆ ಮುಗಿಯುತ್ತದೆ. ಕುಣಿಗಲ್ ಕೆರೆಯ ಜನಪದ ಹಾಡು ಕೇಳದ ಕನ್ನಡಿಗರಿಲ್ಲ, ಕೆರೆ ನೋಡಿದವರು ಕಡಿಮೆ. ಏರಿಯ ಗಾಳಿಗೆ ಮಾತು ತಾನಾಗಿ ಹೊರಡುತ್ತದೆ. ಇನ್ನೂ ಹೊತ್ತಿದ್ದರೆ ಟಿಪ್ಪು ಕಾಲದಿಂದ ಕುದುರೆ ಸಾಕಿರುವ ಸ್ಟಡ್ ಫಾರ್ಮಿನ ಕಡೆ ಒಂದು ಸುತ್ತು ಹಾಕಬಹುದು. ಕೇಳದೆ ಒಳಗೆ ನುಗ್ಗುವ ಜಾಗವಲ್ಲ ಅದು, ಅದರ ಪಕ್ಕದಲ್ಲಿ ನಡೆದರೂ ಆಯಿತು. ಗಂಡನ ಸ್ಕೂಟರು ಸಿಕ್ಕರೆ ಮಾರ್ಕೋನಹಳ್ಳಿ ಜಲಾಶಯ. ನಮ್ಮ ದೇವರಾಯನದುರ್ಗದಲ್ಲಿ ಹುಟ್ಟಿದ ಶಿಂಷೆಯೇ ಅಲ್ಲಿ ನಿಂತಿರುವುದು. ಜಲಾಶಯ ತುಂಬಿದರೆ ಯಾರೂ ತೂಬೆತ್ತದೆ ತಾನಾಗಿ ನೀರು ಬಿಡುವ ಸೈಫನ್‌ಗಳಿವೆ. ಗೆಳತಿ ಅತ್ತರೆ ಸಮಾಧಾನದ ಮಾತು ಹುಡುಕಬೇಡಿ, ಜೋಳ ಸುಡುವವರ ಹತ್ತಿರ ಎರಡು ತೆನೆ ತನ್ನಿ. ಮದುವೆಯಾದ ಹೊಸತರಲ್ಲಿ ಸಲಹೆ ಕೊಡಲು ಎರಡು ಮನೆಯ ಜನ ಸಾಲುಗಟ್ಟಿ ನಿಂತಿರುತ್ತಾರೆ, ನೀವೂ ಹೋಗಿ ಆ ಸಾಲಿಗೆ ಸೇರಬೇಡಿ.

ಈ ಯೋಜನೆಯಲ್ಲಿ ಒಂದೇ ಅಪಾಯ. "ಪೇಟೇಲಿ ಕೆಲಸ" ಎಂದದ್ದು ಕೇಳಿ ಅತ್ತೆಯೂ ಎದ್ದುಬಿಡಬಹುದು. "ಇರ್ರೇ, ಟೈಲರ್ ಹತ್ರ ನಂದೂ ಬ್ಲೌಸ್ ಇಸ್ಕೋಬೇಕು, ಬತ್ತೀನಿ" ಎಂದು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬರಬಹುದು. ಆಗ ಬೇಡ ಅನ್ನಬೇಡಿ. ಟೈಲರ್ ಅಂಗಡಿಯಲ್ಲಿ ಅವರು ಚೌಕಾಸಿ ಮಾಡುವುದನ್ನು ನೋಡುತ್ತಾ ನಿಲ್ಲಿ. ತೋಳು ಬಿಗಿಯಾಗಿದೆ, ಹುಕ್ಕು ಸರಿಯಿಲ್ಲ, ಲೈನಿಂಗ್ ಬಟ್ಟೆ ಮಿಕ್ಕಿದ್ದು ಎಲ್ಲಿ ಎಂದು ಅವರು ದಬಾಯಿಸುತ್ತಿರುವಾಗ ನಿಮ್ಮ ಗೆಳತಿ ನಿಮ್ಮ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಾಳೆ. ಹೊರಡುವ ಮೊದಲು ತುಮಕೂರಿನ ಕೊನೆಯ ಕೆಂಪು ಬಸ್ಸು ಎಷ್ಟು ಹೊತ್ತಿಗೆ ಎಂದು ಅತ್ತೆಯನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ.