ಅಧ್ಯಕ್ಷರ ಮಾತು, ಜನರ ಹಕ್ಕು

"ಮಾತು ಬೆಳ್ಳಿ, ಮೌನ ಬಂಗಾರ" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮನೆಯಲ್ಲಿ ಜಗಳವೆದ್ದಾಗ ಈ ಗಾದೆ ಸರಿಯೇ. ಆದರೆ ಒಂದು ದೇಶದಲ್ಲಿ ಒಂದು ವರ್ಗದ ಜನರಿಗೆ ಅನ್ಯಾಯವಾಗುತ್ತಿರುವಾಗ, ಆ ದೇಶದ ಅತ್ಯುನ್ನತ ಸ್ಥಾನದಲ್ಲಿರುವವರು ಸುಮ್ಮನಿದ್ದರೆ ಆ ಮೌನವನ್ನು ಬಂಗಾರವೆನ್ನಬಹುದೇ? ಅವರು ಮಾತನಾಡಿದರೆ ಅದರಿಂದ ಏನಾಗುತ್ತದೆ? ಬರಿಯ ಮಾತಿನಿಂದ ಯಾರಿಗಾದರೂ ಹಕ್ಕು ಸಿಕ್ಕೀತೇ? ಅಮೆರಿಕ ಸಂಯುಕ್ತ ಸಂಸ್ಥಾನದ 1954ರಿಂದ 1965ರವರೆಗಿನ ಇತಿಹಾಸವು ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರವನ್ನು ಕೊಡುತ್ತದೆ. ವಿದ್ಯಾರ್ಥಿಗಳೂ ಅವರ ರಕ್ಷಕರೂ ತಿಳಿದಿರಬೇಕಾದ ಈ ಇತಿಹಾಸವನ್ನು ಇಲ್ಲಿ ಸಂಗ್ರಹವಾಗಿ ನೋಡೋಣ.

ಕಾಗದದ ಮೇಲಿನ ಹಕ್ಕು

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಫ್ರಿಕದಿಂದ ಹಿಡಿದು ತಂದ ಕರಿಯ ಜನರನ್ನೂ ಅವರ ಸಂತತಿಯವರನ್ನೂ ಗುಲಾಮರನ್ನಾಗಿ ದುಡಿಸಿಕೊಳ್ಳುತ್ತಿದ್ದರು. 1863ರ ಜನವರಿ 1ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್‌ರು ವಿಮೋಚನಾ ಘೋಷಣೆಗೆ ಸಹಿ ಹಾಕಿದರು. 1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ರದ್ದುಗೊಳಿಸಿತು. 1868ರ 14ನೆಯ ತಿದ್ದುಪಡಿಯು ಕಾನೂನಿನ ಸಮಾನ ರಕ್ಷಣೆಯನ್ನೂ, 1870ರ 15ನೆಯ ತಿದ್ದುಪಡಿಯು ವರ್ಣಭೇದವಿಲ್ಲದ ಮತದಾನದ ಹಕ್ಕನ್ನೂ ಸಾರಿದವು.

ಇಷ್ಟೆಲ್ಲ ಆದ ಮೇಲೂ ದಕ್ಷಿಣದ ರಾಜ್ಯಗಳು ತಮ್ಮದೇ ಕಾನೂನುಗಳನ್ನು ಮಾಡಿಕೊಂಡವು. ಕರಿಯರ ಮಕ್ಕಳಿಗೆ ಬೇರೆ ಶಾಲೆ, ಬಸ್ಸಿನಲ್ಲಿ ಹಿಂದಿನ ಆಸನ, ಕುಡಿಯಲು ಬೇರೆ ನಲ್ಲಿ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರೆ ಅಕ್ಷರ ಪರೀಕ್ಷೆ. ಸಂವಿಧಾನದ ಒಂದು ಭಾಗವನ್ನು ಓದಿ ಅದರ ಅರ್ಥ ವಿವರಿಸು ಎಂದು ಅಧಿಕಾರಿ ಕೇಳುತ್ತಿದ್ದ. ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನೂ ಅವನೇ. ಕಾಲೇಜಿನಲ್ಲಿ ಕಲಿತ ಕರಿಯನೂ ಅಲ್ಲಿ ಅನುತ್ತೀರ್ಣನಾಗುತ್ತಿದ್ದ, ಅಷ್ಟೇನೂ ಓದು ಬಾರದ ಬಿಳಿಯನು ಉತ್ತೀರ್ಣನಾಗುತ್ತಿದ್ದ. ಹೀಗೆ ಹಕ್ಕು ಕಾಗದದ ಮೇಲೆ ಉಳಿಯಿತು, ಬದುಕಿಗೆ ಇಳಿಯಲಿಲ್ಲ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಅಮೆರಿಕದ ಅಧ್ಯಕ್ಷರ ಸ್ಥಾನ ನಮ್ಮ ರಾಷ್ಟ್ರಪತಿಯವರ ಸ್ಥಾನದಂತಲ್ಲ. ಆಡಳಿತದ ಪೂರ್ಣ ಹೊಣೆ ಅವರದೇ. ಆದರೂ ಕಾನೂನು ಮಾಡುವ ಅಧಿಕಾರ ಅವರಿಗಿಲ್ಲ. ಅದು ಕಾಂಗ್ರೆಸ್ ಎಂದು ಕರೆಯಲ್ಪಡುವ ಅಲ್ಲಿನ ಸಂಸತ್ತಿಗೆ ಸೇರಿದ್ದು. ಅಧ್ಯಕ್ಷರು ಮಸೂದೆಯನ್ನು ಸೂಚಿಸಬಹುದು, ಅಂಗೀಕಾರವಾದುದಕ್ಕೆ ಸಹಿ ಹಾಕಬಹುದು, ನ್ಯಾಯಾಲಯದ ಆಜ್ಞೆ ಜಾರಿಯಾಗುವಂತೆ ನೋಡಿಕೊಳ್ಳಬಹುದು. ಇವುಗಳ ಜೊತೆಗೆ ಅವರ ಕೈಯಲ್ಲಿರುವ ಇನ್ನೊಂದು ಸಾಧನವೆಂದರೆ ಮಾತು. ಅಧ್ಯಕ್ಷರು ಮಾತನಾಡಿದರೆ ಇಡೀ ದೇಶ ಕಿವಿಗೊಡುತ್ತದೆ. ಯಾವುದು ಸರಿ, ಯಾವುದು ತಪ್ಪು ಎಂದು ಅವರು ಬಾಯಿಬಿಟ್ಟು ಹೇಳಿದರೆ ಕೆಳಗಿನ ಅಧಿಕಾರಿಗೂ ಸಾಮಾನ್ಯ ಪ್ರಜೆಗೂ ಅದೊಂದು ಸೂಚನೆಯಾಗುತ್ತದೆ. ಹೇಳದಿದ್ದರೆ ಅದೂ ಒಂದು ಸೂಚನೆಯೇ.

ಮೌನದ ಫಲ

1954ರ ಮೇ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಸಾರ್ವಜನಿಕ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಮೇಲೆ ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. 1909ರಲ್ಲಿ ಸ್ಥಾಪನೆಯಾದ ಎನ್.ಎ.ಎ.ಸಿ.ಪಿ. ಎಂಬ ಸಂಸ್ಥೆಯ ವಕೀಲರು ಅನೇಕ ವರ್ಷ ಹೋರಾಡಿ ಪಡೆದ ತೀರ್ಪು ಇದು. ಆಗ ಅಧ್ಯಕ್ಷರಾಗಿದ್ದವರು ಡ್ವೈಟ್ ಐಸೆನ್‌ಹೋವರ್. ತೀರ್ಪನ್ನು ಪಾಲಿಸುವುದು ತಮ್ಮ ಕರ್ತವ್ಯವೆಂದು ಅವರು ಹೇಳಿದರು. ಆದರೆ ತೀರ್ಪು ನ್ಯಾಯವಾದದ್ದೆಂಬ ಒಂದು ಮಾತನ್ನು ಬಹಿರಂಗವಾಗಿ ಆಡಲಿಲ್ಲ. ವಿರೋಧಿಗಳು ಈ ನಡುವೆ ಬಲವಾಗುತ್ತಾ ಹೋದರು. 1956ರ ಮಾರ್ಚಿಯಲ್ಲಿ ದಕ್ಷಿಣದ ಸುಮಾರು ನೂರು ಮಂದಿ ಕಾಂಗ್ರೆಸ್ ಸದಸ್ಯರು ತೀರ್ಪಿನ ವಿರುದ್ಧ ಹೇಳಿಕೆಯೊಂದಕ್ಕೆ ಸಹಿ ಹಾಕಿದರು.

1957ರ ಸೆಪ್ಟೆಂಬರಿನಲ್ಲಿ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ನಗರದ ಹೈಸ್ಕೂಲಿಗೆ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳು ಸೇರಬೇಕಾಗಿತ್ತು. ಆ ರಾಜ್ಯದ ಗವರ್ನರ್ ಓರ್ವಲ್ ಫಾಬಸ್ ಅವರನ್ನು ತಡೆಯಲು ಸಶಸ್ತ್ರ ದಳವನ್ನೇ ನಿಲ್ಲಿಸಿದನು. ಅಲ್ಲಿನ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯಂತೆ ಚುನಾವಣೆಯಲ್ಲಿ ಗೆದ್ದು ರಾಜ್ಯವನ್ನಾಳುವವನು. ಕೊನೆಗೆ ಐಸೆನ್‌ಹೋವರರು ಸೈನ್ಯವನ್ನು ಕಳುಹಿಸಿ ಆ ಮಕ್ಕಳನ್ನು ಶಾಲೆಯೊಳಗೆ ಸೇರಿಸಬೇಕಾಯಿತು. ಸೆಪ್ಟೆಂಬರ್ 24ರ ರಾತ್ರಿ ಅವರು ದೇಶವನ್ನುದ್ದೇಶಿಸಿ ಮಾತನಾಡಿದಾಗಲೂ ನ್ಯಾಯಾಲಯದ ಆಜ್ಞೆಗೆ ತಲೆಬಾಗಬೇಕೆಂಬುದಕ್ಕೇ ಒತ್ತು ಕೊಟ್ಟರು. ಅವರು ಕರ್ತವ್ಯಕ್ಕೆ ತಪ್ಪಿದರೆನ್ನಲಾಗದು. ಆದರೆ ಮೂರು ವರ್ಷಗಳ ಹಿಂದೆಯೇ ಸ್ಪಷ್ಟವಾಗಿ ಮಾತನಾಡಿದ್ದರೆ ವಿರೋಧ ಅಷ್ಟು ಬೆಳೆಯುತ್ತಿತ್ತೇ ಎಂದು ಇತಿಹಾಸಕಾರರು ಇಂದಿಗೂ ಕೇಳುತ್ತಾರೆ.

ಜನರು ಕಾಯುತ್ತಾ ಕುಳಿತಿರಲಿಲ್ಲ

ಅಧ್ಯಕ್ಷರು ಮಾತನಾಡಲಿ ಎಂದು ಜನರು ಕೈಕಟ್ಟಿ ಕುಳಿತಿರಲಿಲ್ಲ. 1955ರ ಡಿಸೆಂಬರ್ 1ರಂದು ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ಆಸನ ಬಿಟ್ಟುಕೊಡಲು ನಿರಾಕರಿಸಿ ಬಂಧನಕ್ಕೊಳಗಾದರು. ಆ ಊರಿನ ಕರಿಯ ಜನರು 381 ದಿನ ಬಸ್ಸು ಹತ್ತದೆ ಬಹಿಷ್ಕಾರ ಹೂಡಿ ಗೆದ್ದರು. ಅವರ ಮುಂದಾಳಾಗಿದ್ದ ಮಾರ್ಟಿನ್ ಲೂಥರ್ ಕಿಂಗ್‌ರಿಗೆ ಆಗ 26 ವರ್ಷ.

ಕಿಂಗ್‌ರು ಗಾಂಧೀಜಿಯವರ ಸತ್ಯಾಗ್ರಹದ ಮಾರ್ಗವನ್ನು ಒಪ್ಪಿಕೊಂಡವರು. 1959ರಲ್ಲಿ ಭಾರತಕ್ಕೆ ಬಂದು ನಮ್ಮ ಕೇರಳದ ತಿರುವನಂತಪುರಕ್ಕೂ ಭೇಟಿಯಿತ್ತಿದ್ದರು. ಅಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳು ಓದುತ್ತಿದ್ದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ಒಬ್ಬ ಅಸ್ಪೃಶ್ಯ ಬಂಧು ಎಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ತಮಗೆ ಆಘಾತವಾಯಿತು, ಯೋಚಿಸಿದಾಗ ಆ ಮಾತು ನಿಜವೆನಿಸಿತು ಎಂದು ಕಿಂಗ್‌ರು 1965ರ ಒಂದು ಉಪದೇಶದಲ್ಲಿ ನೆನಪಿಸಿಕೊಂಡಿದ್ದಾರೆ.

1963ರ ಮೇ ತಿಂಗಳಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಶಾಲಾ ಮಕ್ಕಳೇ ಮೆರವಣಿಗೆ ಹೊರಟರು. ನಮ್ಮ ಹೈಸ್ಕೂಲಿನ ಮಕ್ಕಳಷ್ಟೇ ಪ್ರಾಯದವರು, ಅವರಿಗಿಂತ ಚಿಕ್ಕವರೂ ಅದರಲ್ಲಿದ್ದರು. ಅವರ ಮೇಲೆ ಬೆಂಕಿ ಆರಿಸುವ ಕೊಳವೆಗಳಿಂದ ರಭಸದ ನೀರು ಹಾಯಿಸಿದರು, ಪೋಲೀಸು ನಾಯಿಗಳನ್ನು ಛೂಬಿಟ್ಟರು. ಆ ಚಿತ್ರಗಳು ಪತ್ರಿಕೆಗಳಲ್ಲಿಯೂ ಟೆಲಿವಿಷನ್ನಿನಲ್ಲಿಯೂ ಬಂದು ಲೋಕವೆಲ್ಲ ನಾಚುವಂತಾಯಿತು.

ಕೆನೆಡಿಯವರ ಮಾತು

1961ರಲ್ಲಿ ಅಧ್ಯಕ್ಷರಾದ ಜಾನ್ ಕೆನೆಡಿಯವರು ಮೊದಲ ಎರಡು ವರ್ಷ ಎಚ್ಚರಿಕೆಯಿಂದಲೇ ನಡೆದುಕೊಂಡಿದ್ದರು. ಅವರ ಪಕ್ಷದಲ್ಲಿಯೇ ದಕ್ಷಿಣದ ಪ್ರಬಲ ಸದಸ್ಯರಿದ್ದರು. ಅವರನ್ನು ಎದುರುಹಾಕಿಕೊಂಡರೆ ಉಳಿದ ಮಸೂದೆಗಳೂ ಕೆಡುವ ಭಯವಿತ್ತು. ಬರ್ಮಿಂಗ್‌ಹ್ಯಾಮಿನ ಮಕ್ಕಳು ಆ ಎಚ್ಚರಿಕೆಗೆ ಎಡೆಯಿಲ್ಲದಂತೆ ಮಾಡಿದರು.

1963ರ ಜೂನ್ 11ರಂದು ಅಲಬಾಮಾದ ಗವರ್ನರ್ ಜಾರ್ಜ್ ವಾಲೇಸ್ ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ತಾನೇ ನಿಂತು ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಎಂಬ ಇಬ್ಬರು ಕರಿಯ ವಿದ್ಯಾರ್ಥಿಗಳ ಪ್ರವೇಶವನ್ನು ತಡೆಯಲೆತ್ನಿಸಿ, ಕೊನೆಗೆ ಹಿಂದೆ ಸರಿದನು. ಅದೇ ಸಂಜೆ ಕೆನೆಡಿಯವರು ರೇಡಿಯೋ ಮತ್ತು ಟೆಲಿವಿಷನ್ ಮೂಲಕ ದೇಶದೊಡನೆ ಮಾತನಾಡಿದರು. ಭಾಷಣದ ಬರಹ ಪೂರ್ತಿ ಸಿದ್ಧವಾಗಿರಲಿಲ್ಲ. ಕೊನೆಯ ಭಾಗವನ್ನು ಅವರು ಬರಹವಿಲ್ಲದೆಯೇ ಆಡಿದರು. ಇದು ಕೇವಲ ಕಾನೂನಿನ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಧರ್ಮಗ್ರಂಥಗಳಷ್ಟು ಹಳೆಯದು, ಸಂವಿಧಾನದಷ್ಟು ಸ್ಪಷ್ಟವಾದದ್ದು ಎಂದರು. ನಿಮ್ಮಲ್ಲಿ ಯಾರು ತಾನೇ ಮೈಬಣ್ಣ ಬದಲಿಸಿಕೊಂಡು ಕರಿಯನ ಜಾಗದಲ್ಲಿ ನಿಲ್ಲಲು ಒಪ್ಪುವಿರಿ ಎಂದು ಬಿಳಿಯರನ್ನು ಕೇಳಿದರು. ಹೊಸ ಕಾಯಿದೆಯನ್ನು ತರುವುದಾಗಿ ಸಾರಿದರು. ಐಸೆನ್‌ಹೋವರರು ಹೇಳದೆ ಬಿಟ್ಟಿದ್ದು ಈಗ ಅಧ್ಯಕ್ಷರ ಬಾಯಿಂದ ಬಂದಿತ್ತು.

ಆದರೆ ಮಾತಿನ ಮಿತಿಯೂ ಅದೇ ರಾತ್ರಿ ಕಂಡಿತು. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿನಲ್ಲಿ, ಮಿಸಿಸಿಪಿಯಲ್ಲಿ ಎನ್.ಎ.ಎ.ಸಿ.ಪಿ.ಯ ಕಾರ್ಯಕರ್ತರಾಗಿದ್ದ ಮೆಡ್ಗರ್ ಎವರ್ಸ್‌ರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಕೊಲೆಗಾರನಿಗೆ ಶಿಕ್ಷೆಯಾದುದು 1994ರಲ್ಲಿ. ಒಂದು ಭಾಷಣವು ದಾರಿ ತೋರಿಸಬಹುದು, ಆದರೆ ದ್ವೇಷ ಹೊತ್ತವನ ಕೈ ಹಿಡಿಯಲಾರದು.

ಕೆನೆಡಿಯವರು ಜೂನ್ 19ರಂದು ಮಸೂದೆಯನ್ನು ಕಾಂಗ್ರೆಸ್ಸಿಗೆ ಕಳುಹಿಸಿದರು. ಆಗಸ್ಟ್ 28ರಂದು ಸುಮಾರು ಎರಡೂವರೆ ಲಕ್ಷ ಜನರು ವಾಷಿಂಗ್ಟನ್‌ನಲ್ಲಿ ಶಾಂತವಾಗಿ ಸೇರಿ ಒತ್ತಾಯಿಸಿದರು. ನವೆಂಬರ್ 22ರಂದು ಕೆನೆಡಿಯವರ ಕೊಲೆಯಾಯಿತು. ಅವರ ಸ್ಥಾನಕ್ಕೆ ಬಂದ ಲಿಂಡನ್ ಜಾನ್ಸನ್‌ರು ಐದೇ ದಿನಗಳಲ್ಲಿ ಕಾಂಗ್ರೆಸ್ಸಿನ ಮುಂದೆ ನಿಂತು, ಆ ಮಸೂದೆಯನ್ನು ಬೇಗನೆ ಅಂಗೀಕರಿಸುವುದೇ ಕೆನೆಡಿಯವರಿಗೆ ಸಲ್ಲಿಸುವ ದೊಡ್ಡ ಗೌರವ ಎಂದರು. ಸೆನೆಟ್ಟಿನಲ್ಲಿ ದಕ್ಷಿಣದ ಸದಸ್ಯರು ವಾರಗಟ್ಟಲೆ ಮಾತನಾಡುತ್ತಲೇ ಹೋಗಿ ಮತದಾನವನ್ನು ತಡೆದರು. ಜೂನ್ 10ರಂದು 71 ಮತಗಳಿಂದ ಚರ್ಚೆಯನ್ನು ಮುಕ್ತಾಯಗೊಳಿಸಬೇಕಾಯಿತು. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯಿದೆಗೆ ಜಾನ್ಸನ್‌ರು ಸಹಿ ಹಾಕಿದರು. ಹೋಟೆಲುಗಳಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ, ಉದ್ಯೋಗದಲ್ಲಿ ವರ್ಣಭೇದ ಕಾನೂನುಬಾಹಿರವಾಯಿತು.

ಶಾಲಾ ಮಾಸ್ತರರಾಗಿದ್ದ ಅಧ್ಯಕ್ಷರು

ಮತದಾನದ ಹಕ್ಕು ಇನ್ನೂ ಬಾಕಿಯಿತ್ತು. ಅಲಬಾಮಾದ ಸೆಲ್ಮಾ ಪಟ್ಟಣದಲ್ಲಿ ಅದಕ್ಕಾಗಿ ಹೋರಾಟ ನಡೆಯುತ್ತಿತ್ತು. 1965ರ ಮಾರ್ಚಿ 7ರ ಭಾನುವಾರ ಸುಮಾರು 600 ಮಂದಿ ರಾಜಧಾನಿ ಮಾಂಟ್‌ಗೊಮರಿಯತ್ತ ನಡೆದು ಹೊರಟರು. ಊರಿನ ಸೇತುವೆ ದಾಟುತ್ತಿದ್ದಂತೆ ಪೋಲೀಸರು ಲಾಠಿ ಬೀಸಿ, ಅಶ್ರುವಾಯು ಬಿಟ್ಟು ಅವರನ್ನು ಹೊಡೆದು ಕೆಡವಿದರು. ಮುಂದಿನ ಸಾಲಿನಲ್ಲಿದ್ದ 25 ವರ್ಷದ ಜಾನ್ ಲೂಯಿಸ್‌ರ ತಲೆಬುರುಡೆ ಬಿರುಕುಬಿಟ್ಟಿತು. ಆ ದೃಶ್ಯವನ್ನು ಅದೇ ರಾತ್ರಿ ದೇಶವೆಲ್ಲ ಟೆಲಿವಿಷನ್ನಿನಲ್ಲಿ ನೋಡಿತು.

ಎಂಟು ದಿನಗಳ ಬಳಿಕ, ಮಾರ್ಚಿ 15ರಂದು ಜಾನ್ಸನ್‌ರು ಕಾಂಗ್ರೆಸ್ಸಿನ ಉಭಯ ಸದನಗಳ ಮುಂದೆ ಮಾತನಾಡಿದರು. ಅವರೂ ದಕ್ಷಿಣದ ಟೆಕ್ಸಾಸಿನವರು, ಬಿಳಿಯರು. ಹೋರಾಟಗಾರರು ಬೀದಿಯಲ್ಲಿ ಹಾಡುತ್ತಿದ್ದ ಹಾಡಿನ ಪಲ್ಲವಿಯ ಮಾತನ್ನೇ ಅವರು ಭಾಷಣದಲ್ಲಿ ಬಳಸಿದರು. ನಮ್ಮ ಶಾಲೆಗಳಲ್ಲಿ ಹಿಂದಿಯಲ್ಲಿ ಹಾಡುವ ಜಯದ ನಂಬಿಕೆಯ ಗೀತೆಯ ಮೂಲವೂ ಆ ಹಾಡೇ. ಬೀದಿಯ ಮಾತು ಅಧ್ಯಕ್ಷರ ಮಾತಾದುದು ಸಣ್ಣ ಸಂಗತಿಯಲ್ಲ.

ಆ ಭಾಷಣದಲ್ಲಿ ಶಿಕ್ಷಕರಾದ ನಮ್ಮ ಮನಸ್ಸಿಗೆ ಹೆಚ್ಚು ತಟ್ಟುವ ಭಾಗ ಇನ್ನೊಂದಿದೆ. 1928ರಲ್ಲಿ ಜಾನ್ಸನ್‌ರು ಟೆಕ್ಸಾಸಿನ ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳ ಶಾಲೆಯಲ್ಲಿ ಮಾಸ್ತರರಾಗಿದ್ದರು. ಮಕ್ಕಳಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಬಾರದು, ಮಾಸ್ತರರಿಗೆ ಸ್ಪ್ಯಾನಿಷ್ ಅಷ್ಟಾಗಿ ಬಾರದು. ಬೆಳಗಿನ ತಿಂಡಿಯಿಲ್ಲದೆ ಹಸಿದು ಬರುತ್ತಿದ್ದ ಆ ಮಕ್ಕಳನ್ನು ನೆನೆದು, ಅವರಂಥವರಿಗೆ ನೆರವಾಗುವ ಅವಕಾಶ ಮುಂದೆ ಬಂದೀತೆಂದು ಆಗ ತಾನು ಕನಸಿನಲ್ಲಿಯೂ ಎಣಿಸಿರಲಿಲ್ಲ, ಈಗ ಅದು ಬಂದಿದೆ, ಅದನ್ನು ಬಳಸಿಯೇ ಬಳಸುತ್ತೇನೆ ಎಂದರು. ಕೊಟ್ಟ ಮಾತನ್ನು ಉಳಿಸಿಕೊಂಡರು. ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯಿದೆಗೆ ಸಹಿ ಬಿದ್ದಿತು. ಭೇದ ನಡೆದಿದ್ದ ಪ್ರದೇಶಗಳಲ್ಲಿ ಅಕ್ಷರ ಪರೀಕ್ಷೆಗಳು ನಿಂತವು. ಅಲ್ಲಿ ಚುನಾವಣಾ ನಿಯಮ ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಬೇಕೆಂದಾಯಿತು. ಮಿಸಿಸಿಪಿಯಲ್ಲಿ ಕಾಯಿದೆಗೆ ಮೊದಲು ಮತದಾರರ ಪಟ್ಟಿಯಲ್ಲಿದ್ದ ಕರಿಯರು ನೂರಕ್ಕೆ ಸುಮಾರು 7 ಮಂದಿ. 1967ರ ಹೊತ್ತಿಗೆ ಸುಮಾರು 60 ಮಂದಿ.

1975ರಲ್ಲಿ ಈ ಕಾಯಿದೆಯನ್ನು ಭಾಷಾ ಅಲ್ಪಸಂಖ್ಯಾತರಿಗೂ ವಿಸ್ತರಿಸಲಾಯಿತು. ಕೊಟುಲ್ಲಾದ ಮಕ್ಕಳಂತಹ ಸ್ಪ್ಯಾನಿಷ್ ಭಾಷಿಕರಿಗೂ ಇನ್ನು ಕೆಲವರಿಗೂ, ಅವರು ಸಾಕಷ್ಟು ಸಂಖ್ಯೆಯಲ್ಲಿರುವ ಕಡೆ, ಅವರವರ ಭಾಷೆಯಲ್ಲಿಯೇ ಚುನಾವಣಾ ಕಾಗದಪತ್ರಗಳು ಸಿಗುವಂತಾಯಿತು. ಗಡಿನಾಡಿನಲ್ಲಿ ಕನ್ನಡದಲ್ಲಿ ಓದುವ ನಮಗೆ ಇದರ ಬೆಲೆಯನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಆದರೆ ಗೆದ್ದ ಹಕ್ಕಿಗೂ ಕಾವಲು ಬೇಕು. 2013ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಯಾವ ಪ್ರದೇಶಗಳು ಕೇಂದ್ರದ ಒಪ್ಪಿಗೆ ಪಡೆಯಬೇಕೆಂದು ಗುರುತಿಸುವ ನಿಯಮವನ್ನು ರದ್ದುಗೊಳಿಸಿತು. ಒಪ್ಪಿಗೆಯ ಏರ್ಪಾಡು ಅದರಿಂದ ನಿಂತುಹೋಯಿತು.

ನಾವು ತಿಳಿಯಬೇಕಾದುದು

ಈ ಇತಿಹಾಸದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅಧ್ಯಕ್ಷರ ಮಾತಿಗೆ ತೂಕವಿದೆ. ಆದರೆ ಆ ಮಾತನ್ನು ಅವರ ಬಾಯಿಗೆ ತಂದವರು ಬಸ್ಸು ಬಿಟ್ಟು ನಡೆದವರು, ನೀರಿನ ಹೊಡೆತ ತಿಂದ ಮಕ್ಕಳು, ಸೇತುವೆಯ ಮೇಲೆ ಪೆಟ್ಟು ತಿಂದವರು. ಆ ಮಾತಿನ ಹಿಂದೆಯೇ ಕಾಯಿದೆ ಬಂದುದರಿಂದ ಅದು ಉಳಿಯಿತು.

ನಮ್ಮ ಸಂವಿಧಾನವೂ 29 ಮತ್ತು 30ನೆಯ ವಿಧಿಗಳಲ್ಲಿ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ, ವಿದ್ಯಾಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಕೊಟ್ಟಿದೆ. 1956ರಲ್ಲಿ ಸೇರಿಸಿದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳುತ್ತದೆ. ಇವೂ ಮೊದಲು ಕಾಗದದ ಮೇಲಿನ ಅಕ್ಷರಗಳೇ. ವಿದ್ಯಾರ್ಥಿಗಳು ಇವನ್ನು ಪರೀಕ್ಷೆಗಾಗಿ ಮಾತ್ರ ಓದದೆ, ತಿಳಿದು ಕೇಳುವಂತಾಗಬೇಕು.

ಇನ್ನು ಮುಂದೆ ದೊಡ್ಡ ಸ್ಥಾನದಲ್ಲಿರುವವರ ಭಾಷಣವನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳೋಣ. ಈ ಮಾತು ಬರುವುದಕ್ಕೆ ಮೊದಲು ಯಾರು ದುಡಿದಿದ್ದರು? ಈ ಮಾತು ಏನನ್ನು ಮಾಡುವುದಾಗಿ ಒಪ್ಪಿಕೊಂಡಿತು? ಅದು ಯಾವಾಗ ನಡೆಯಿತು? ಮನೆಯಲ್ಲಿ ರಕ್ಷಕರೂ ಮಕ್ಕಳೊಡನೆ ಕುಳಿತು ಈ ಪ್ರಶ್ನೆಗಳನ್ನು ಚರ್ಚಿಸಲಿ ಎಂಬುದು ನಮ್ಮ ಹಾರೈಕೆ.