ಜರಡಿಯ ಕಣ್ಣು ಎಷ್ಟು ಸಣ್ಣದಿರಬೇಕು?

ಮಕ್ಕಳೇ, ಅಜ್ಜಿ ಹಿಟ್ಟನ್ನು ಜರಡಿ ಹಿಡಿಯುವುದನ್ನು ನೋಡಿದ್ದೀರಲ್ಲ? ಜರಡಿಯ ಕಣ್ಣು ದೊಡ್ಡದಾದರೆ ಹಿಟ್ಟಿನ ಜೊತೆ ಹುಳುವೂ ಇಳಿಯುತ್ತದೆ. ತೀರಾ ಸಣ್ಣದಾದರೆ ಒಳ್ಳೆಯ ಹಿಟ್ಟೂ ಮೇಲೆಯೇ ಉಳಿಯುತ್ತದೆ. ಇ-ಮೇಲ್‌ಗೂ ಇಂಥದೊಂದು ಜರಡಿಯಿದೆ. ಅದೇ ಸ್ಪ್ಯಾಮ್ ಫಿಲ್ಟರ್.

ಸ್ಪ್ಯಾಮ್ ಎಂದರೆ ನಾವು ಕೇಳದಿದ್ದರೂ ರಾಶಿರಾಶಿಯಾಗಿ ಬರುವ ಪತ್ರ. 1978ರ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥುಯರ್ಕ್ ತಮ್ಮ ಕಂಪನಿಯ ಕಂಪ್ಯೂಟರ್ ಮಾರಲು ಸುಮಾರು 400 ಜನರಿಗೆ ಒಂದೇ ಪತ್ರ ಕಳಿಸಿದರು. ಮೊದಲ ಸ್ಪ್ಯಾಮ್ ಅದೇ ಎನ್ನುತ್ತಾರೆ. ಸ್ಪ್ಯಾಮ್ ಎಂಬುದು ನಿಜಕ್ಕೂ ಡಬ್ಬಿಯಲ್ಲಿ ಮಾರುವ ಮಾಂಸದ ಹೆಸರು! ಬ್ರಿಟನ್ನಿನ ಮಾಂಟಿ ಪೈಥಾನ್ ತಂಡದ 1970ರ ಹಾಸ್ಯ ಪ್ರಸಂಗವೊಂದರಲ್ಲಿ ಹೋಟೆಲಿನ ಹೆಚ್ಚುಕಡಿಮೆ ಎಲ್ಲ ತಿಂಡಿಯಲ್ಲೂ ಅದೇ ಇರುತ್ತದೆ, ಬೇಡವೆಂದರೂ ಬಿಡುವುದಿಲ್ಲ. ಹೆಸರು ಅಲ್ಲಿಂದ ಬಂತು.

ನಾನು ಶಾಲೆಯೊಂದರ ಮೇಲ್ ನೋಡಿಕೊಳ್ಳುತ್ತೇನೆ. ನಮ್ಮ ಜರಡಿಯ ಹೆಸರು ಸ್ಪ್ಯಾಮ್‌ಅಸ್ಯಾಸಿನ್. ಅದು ಪ್ರತಿ ಪತ್ರಕ್ಕೂ ಅಂಕ ಕೊಡುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಅಂಕ ಹೆಚ್ಚಿದರೆ ಪಾಸು, ಇಲ್ಲಿ ಹೆಚ್ಚಿದರೆ ಫೇಲು! ವಿಷಯದ ಸಾಲೆಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲಿದೆಯೇ? ಬರಹ ಕಡಿಮೆ, ಚಿತ್ರವೇ ಹೆಚ್ಚೇ? ಒಂದೊಂದಕ್ಕೂ ಒಂದಿಷ್ಟು ಅಂಕ. ಒಟ್ಟು 5 ಮುಟ್ಟಿದರೆ ಅದು ಸ್ಪ್ಯಾಮ್. ಈ ಗೆರೆಯನ್ನು ನಾವೇ ಏರಿಸಬಹುದು, ಇಳಿಸಬಹುದು.

“ಕಸ ಜಾಸ್ತಿಯಾಯಿತು ಸರ್, 3ಕ್ಕೆ ಇಳಿಸಿಬಿಡಿ” ಎಂದರು ನಮ್ಮ ಗುಮಾಸ್ತರು. ಇಳಿಸುವ ಮೊದಲು ಹಿಂದಿನ ವಾರದ ಪತ್ರಗಳ ಅಂಕ ನೋಡಿದೆ. 3ರಿಂದ 5ರ ನಡುವೆ ಇದ್ದದ್ದು ಬಹುಪಾಲು ಕಸವೇ. ಆದರೆ ಅದರ ನಡುವೆ ಅಜ್ಜರೊಬ್ಬರ ಪತ್ರವೂ ಇತ್ತು. ಮೊಮ್ಮಗಳನ್ನು ಬೇರೆ ಊರಿನ ಶಾಲೆಗೆ ಸೇರಿಸಲು ಟಿ.ಸಿ. ಕೇಳಿದ್ದರು. ವಿಷಯವೆಲ್ಲ ದೊಡ್ಡಕ್ಷರ, ಒಳಗೆ ಕೈಬರಹದ ಅರ್ಜಿಯ ಫೋಟೊ ಮಾತ್ರ. ನೋಡಲು ಕಸದಂತೆ, ಆದರೆ ಅದರಲ್ಲಿದ್ದದ್ದು ಒಂದು ಮಗುವಿನ ಓದು.

ಗೆರೆಯನ್ನು 5ರಲ್ಲೇ ಬಿಟ್ಟೆ. ಕಸ ಒಳಗೆ ಬಂದರೆ ಅಳಿಸಲು ಒಂದು ಕ್ಷಣ ಸಾಕು. ಬೇಕಾದ ಪತ್ರ ಕಸದ ಪಾಲಾದರೆ, ಅದು ಬಂದಿತ್ತೆಂಬುದೇ ನಮಗೆ ತಿಳಿಯುವುದಿಲ್ಲ.

ಅಜ್ಜ ಅಜ್ಜಿಯರೇ, ಜಿಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯಲ್ಲಿರುವ ಪತ್ರ 30 ದಿನಗಳ ಬಳಿಕ ತಾನಾಗಿ ಅಳಿದುಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಮೊಮ್ಮಕ್ಕಳ ಜೊತೆ ಕೂತು ಅದನ್ನು ನೋಡಿ. ಪರಿಚಿತರ ಪತ್ರ ಸಿಕ್ಕರೆ ‘ಸ್ಪ್ಯಾಮ್ ಅಲ್ಲ’ ಎಂಬುದನ್ನು ಒತ್ತಿ. ಉಳಿದವುಗಳ ಲಿಂಕ್ ಮುಟ್ಟಬೇಡಿ. ಇನ್ನು ಒಟಿಪಿ, ಪಿನ್ ಕೇಳುವ ಪತ್ರ ಯಾವ ಜರಡಿಯಿಂದ ಇಳಿದು ಬಂದಿದ್ದರೂ ಕಸವೇ. ಮೋಸಹೋಗಿ ಹಣ ಕಳೆದುಕೊಂಡರೆ ನಾಚಿಕೊಂಡು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.