ತಪ್ಪು ತಿಗಣೆ, ಸರಿಯಾದ ಕಣಜ

1970ರ ದಶಕದ ಆರಂಭದಲ್ಲಿ ಆಫ್ರಿಕಾದ ಕಾಂಗೋ, ಝೈರ್ ದೇಶಗಳಲ್ಲಿ ಮರಗೆಣಸಿನ ತುದಿಗಳು ಮುರುಟತೊಡಗಿದವು. ಗೆಣ್ಣುಗಳು ಒತ್ತೊತ್ತಾಗಿ, ಬಿಚ್ಚಿಕೊಳ್ಳದ ಚಿಗುರೆಲ್ಲ ಎಲೆಕೋಸಿನಂತೆ ಮುದುಡಿ ಕೂತಿತ್ತು. ಬಿಡಿಸಿ ನೋಡಿದರೆ ಒಳಗೆ ಬಿಳಿ ಪುಡಿ ಮೆತ್ತಿಕೊಂಡ ಹಿಟ್ಟು ತಿಗಣೆಗಳು. ಅಲ್ಲಿನವರು ಗೆಡ್ಡೆಯನ್ನಷ್ಟೇ ಅಲ್ಲ, ಸೊಪ್ಪನ್ನೂ ಬೇಯಿಸಿ ಉಣ್ಣುವವರು. ಎರಡಕ್ಕೂ ಕುತ್ತು ಬಂತು. ಔಷಧಿ ಹೊಡೆಯೋಣವೆಂದರೆ ಬಡ ರೈತನ ಕೈಲಿ ಕಾಸಿಲ್ಲ.

1977ರಲ್ಲಿ ಫ್ರಾನ್ಸಿನ ಕೀಟತಜ್ಞೆ ದಾನಿಯೆಲ್ ಮಾತೀಲ್-ಫೆರೆರೊ ಈ ತಿಗಣೆಗೆ ಫೆನಕಾಕಸ್ ಮನಿಹೋಟಿ ಎಂದು ಹೆಸರಿಟ್ಟರು. ಮರಗೆಣಸನ್ನು ಪೋರ್ಚುಗೀಸರು ದಕ್ಷಿಣ ಅಮೆರಿಕದಿಂದ ಆಫ್ರಿಕಾಕ್ಕೆ ತಂದು ನಾನ್ನೂರು ವರ್ಷವಾಗಿತ್ತು. ಕೀಟ ಮಾತ್ರ ಹೊಸದು. ಅದರ ತವರೂ ದಕ್ಷಿಣ ಅಮೆರಿಕವೇ ಇರಬೇಕು, ತವರಲ್ಲಿ ಅದು ಸದ್ದಿಲ್ಲದೆ ಇದೆಯೆಂದರೆ ಅದನ್ನು ಹದ್ದುಬಸ್ತಿನಲ್ಲಿಡುವ ಶತ್ರುವೂ ಅಲ್ಲೇ ಇರಬೇಕು. ನೈಜೀರಿಯದ ಇಬಾದಾನ್‌ನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಗೆ 1979ರಲ್ಲಿ ಸೇರಿದ ಸ್ವಿಸ್ ವಿಜ್ಞಾನಿ ಹಾನ್ಸ್ ಹೆರೆನ್ ಹಿಡಿದದ್ದು ಇದೇ ಜಾಡು.

ದಕ್ಷಿಣ ಅಮೆರಿಕ ಖಂಡದ ಉತ್ತರ ಭಾಗದಲ್ಲಿ ಮರಗೆಣಸಿನ ಮೇಲೆ ಹಿಟ್ಟು ತಿಗಣೆ ಸಿಕ್ಕೇಬಿಟ್ಟಿತು. ನೋಡಲು ಥೇಟ್ ಅದೇ. ಆದರೆ ಅದರ ಶತ್ರುಗಳು ಆಫ್ರಿಕಾದ ತಿಗಣೆಯ ಮೇಲೆ ನೆಲೆ ನಿಲ್ಲಲೊಲ್ಲವು. ಆಫ್ರಿಕಾದ್ದು ನಸುಗೆಂಪು, ಗಂಡಿನ ಹಂಗಿಲ್ಲದೆ ಹೆಣ್ಣೇ ಹೆಣ್ಣನ್ನು ಹೆರುವಂಥದ್ದು. ಇದು ಹಳದಿ, ಗಂಡೂ ಉಂಟು. 1981ರಲ್ಲಿ ಕೀಟತಜ್ಞರಾದ ಕಾಕ್ಸ್ ಮತ್ತು ವಿಲಿಯಮ್ಸ್ ಇದನ್ನು ಬೇರೆಯೇ ಜಾತಿಯೆಂದು ವಿವರಿಸಿ ಫೆನಕಾಕಸ್ ಹೆರೆನಿ ಎಂದು ಕರೆದರು. ದಾರಿ ತಪ್ಪಿಸಿದ ಕೀಟಕ್ಕೇ ಹೆರೆನ್ ಹೆಸರು!

ಅಸಲಿ ತಿಗಣೆ ಸಿಕ್ಕಿದ್ದು ಅದೇ ವರ್ಷ, ಬಹಳ ದಕ್ಷಿಣಕ್ಕೆ, ಪರಗ್ವೇಯಲ್ಲಿ. ಕಂಡವರು ಕೊಲಂಬಿಯದ ಸಂಶೋಧನಾ ಕೇಂದ್ರವೊಂದರ ಆಂಟನಿ ಬೆಲೊಟ್ಟಿ. ಅದರ ಬೆನ್ನಿಗೇ ಸಿಕ್ಕಿತು ಎರಡು ಮಿಲಿಮೀಟರೂ ಇಲ್ಲದ ಒಂದು ಕಣಜ. ತಮಾಷೆಯೆಂದರೆ ಅರ್ಜೆಂಟೀನದ ಕೀಟತಜ್ಞ ಡೆ ಸಾಂಟಿಸ್ 1964ರಲ್ಲೇ ಅದಕ್ಕೆ ಲೋಪೆಝಿ ಎಂದು ಹೆಸರಿಟ್ಟು ದಾಖಲಿಸಿದ್ದರು. ಅದರಿಂದ ಏನು ಕೆಲಸವಾದೀತು ಎಂದು ಆಗ ಕೇಳುವ ಪ್ರಮೇಯವೇ ಇರಲಿಲ್ಲ.

ಹೆಣ್ಣು ಕಣಜ ತಿಗಣೆಯನ್ನು ಮೀಸೆಯಿಂದ ತಟ್ಟಿ ತಟ್ಟಿ ಪರೀಕ್ಷಿಸುತ್ತದೆ, ಆಮೇಲೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಕೆಲವನ್ನು ಬರೀ ಚುಚ್ಚಿ ರಸ ಹೀರಿ ಬಿಡುವುದೂ ಉಂಟು. ಮರಿಹುಳು ತಿಗಣೆಯನ್ನು ಒಳಗಿಂದಲೇ ತಿಂದು ಮುಗಿಸುವಾಗ ಹೊರಗಿನ ಸಿಪ್ಪೆ ಗಟ್ಟಿಯಾಗುತ್ತದೆ. ಕೊನೆಗೆ ಅದಕ್ಕೆ ತೂತು ಕೊರೆದು ಹೊಸ ಕಣಜ ಹೊರಬರುತ್ತದೆ.

ಇಂಗ್ಲೆಂಡಿನಲ್ಲಿ ಕ್ವಾರಂಟೈನ್ ಮುಗಿಸಿ ಬಂದ ಕಣಜಗಳನ್ನು 1981ರ ಕೊನೆಗೆ ಇಬಾದಾನ್ ಹೊಲಗಳಲ್ಲಿ ಬಿಟ್ಟರು. ಮುಂದೆ ವಿಮಾನದಿಂದಲೂ ಉದುರಿಸಿದರು. ಮರಗೆಣಸು ಬೆಳೆಯುವ ಆಫ್ರಿಕಾದ ಬಹುಪಾಲು ದೇಶಗಳಲ್ಲಿ ಅವು ನೆಲೆಯೂರಿದವು. ಹೆರೆನ್‌ಗೆ 1995ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ನನ್ನ ಲೆಕ್ಕದಲ್ಲಿ ಸೂಕ್ಷ್ಮದರ್ಶಕದಡಿ ತಿಗಣೆ ತಿಗಣೆಗೂ ಇರುವ ವ್ಯತ್ಯಾಸ ಹುಡುಕಿದವರಿಗೂ ಅದರಲ್ಲಿ ಪಾಲಿದೆ.

2020ರಲ್ಲಿ ಅದೇ ತಿಗಣೆ ಕೇರಳದಲ್ಲಿ ಕಾಣಿಸಿಕೊಂಡು, ಸಬ್ಬಕ್ಕಿಗೆ ಹೆಸರಾದ ಸೇಲಂ ಸೀಮೆಯ ಮರಗೆಣಸಿಗೂ ಹತ್ತಿತು. ಈ ಸಲ ಹುಡುಕಾಟವೇ ಬೇಕಾಗಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಆಫ್ರಿಕಾದ ಬೆನಿನ್‌ನಿಂದ ಲೋಪೆಝಿ ಕಣಜ ತರಿಸಿ, ಸಾಕಿ, 2022ರಲ್ಲಿ ತಮಿಳುನಾಡಿನ ಹೊಲಗಳಿಗೆ ಬಿಟ್ಟಿತು.